ಮದ್ರಾಸಿನ ಲ್ಯಾಬಿನಿಂದ ಮನೆಯ ಮೇಜಿಗೆ

ಚಿತ್ರೀಕರಣ ಆಗುಂಬೆಯಲ್ಲಿ ನಡೆದಿರಲಿ, ಮೇಲುಕೋಟೆಯಲ್ಲಿ ನಡೆದಿರಲಿ, ಕನ್ನಡ ಸಿನಿಮಾ ಕೊನೆಗೆ ಸಿನಿಮಾ ಆಗುತ್ತಿದ್ದುದು ಬಹುಪಾಲು ಮದ್ರಾಸಿನಲ್ಲೇ. ಆ ಕಾಲ ಕಂಡವರು ನಮ್ಮ ನಡುವೆ ಇನ್ನೂ ಇದ್ದಾರೆ. ತಗಡಿನ ಡಬ್ಬಿಯಲ್ಲಿ ಮೊಹರಾದ ನೆಗೆಟಿವ್ ರಾತ್ರಿ ರೈಲು ಹತ್ತುತ್ತಿತ್ತು. ಲ್ಯಾಬಿನಲ್ಲಿ ಅದನ್ನು ತೊಳೆದು, ಪ್ರಿಂಟ್ ಹಾಕಿ, ರಷಸ್ ಕಣ್ಣಿಗೆ ಬೀಳುವವರೆಗೆ ಛಾಯಾಗ್ರಾಹಕರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮೂವಿಯೋಲಾ ಅಥವಾ ಸ್ಟೀನ್‌ಬೆಕ್ ಯಂತ್ರದ ಮುಂದೆ ಸಂಕಲನಕಾರರು, ಅವರ ಪಕ್ಕದಲ್ಲಿ ಕೇಳಿದ ತುಂಡನ್ನು ಕೇಳಿದ ತಕ್ಷಣ ಹುಡುಕಿ ಕೊಡಬೇಕಾದ ಸಹಾಯಕರು. ಬಣ್ಣವಂತೂ ಲ್ಯಾಬಿನ ಗ್ರೇಡರ್ ಕಣ್ಣಿಗೆ ಬಿಟ್ಟ ವಿಚಾರ. ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕಿಗೆ ತಲಾ 1ರಿಂದ 50ರವರೆಗಿನ ಅಂಕಿ. ಒಂದು ಶಾಟಿಗೆ ಮೂರು ಅಂಕಿ ಬರೆದರೆ ಅದರ ಬಣ್ಣ ತೀರ್ಮಾನವಾಯಿತು. ನಾಯಕಿಯ ಮುಖ ಹಸಿರು ಹೊಡೆಯುತ್ತಿದೆ ಎಂದು ಅಂಕಿ ಬದಲಿಸಿದರೆ ಅವಳ ಹಿಂದಿನ ಅಡಿಕೆ ತೋಟವೂ ಅಷ್ಟೇ ಕಂದುತ್ತಿತ್ತು. ಮುಖವನ್ನಷ್ಟೇ ತಿದ್ದುವ ದಾರಿ ಇರಲಿಲ್ಲ. ಇಂದು ಆ ತಿದ್ದುಪಡಿಯನ್ನು, ಅದಕ್ಕಿಂತ ನೂರು ಪಟ್ಟು ಸೂಕ್ಷ್ಮವಾದದ್ದನ್ನು, ಶಿರಸಿಯಲ್ಲೋ ಸಿಂಧನೂರಿನಲ್ಲೋ ಮನೆಯ ಮಹಡಿ ಕೋಣೆಯಲ್ಲಿ ಕುಳಿತ ಹುಡುಗ ಎರಡು ಲಕ್ಷ ರೂಪಾಯಿಯ ಅಸೆಂಬಲ್ಡ್ ಕಂಪ್ಯೂಟರಿನಲ್ಲಿ ಮಾಡಿ ಮುಗಿಸುತ್ತಾನೆ. ಮೂರೂವರೆ ದಶಕಗಳ ಈ ಪ್ರಯಾಣದ ಜಮಾಖರ್ಚು ನೋಡಿದರೆ ಬಂದದ್ದೇ ಹೆಚ್ಚು, ಅದರಲ್ಲಿ ಅನುಮಾನವಿಲ್ಲ. ಆದರೆ ಹೋದದ್ದೆಲ್ಲ ತಾನಾಗಿ ಹೋದದ್ದಲ್ಲ. ಕೆಲವನ್ನು ನಾವೇ ಖರೀದಿ ಪಟ್ಟಿಯಿಂದ ಹೊಡೆದುಹಾಕಿದ್ದೇವೆ.

1989ರಲ್ಲಿ ಅಮೆರಿಕದ ಆವಿಡ್ ಕಂಪನಿ ಮ್ಯಾಕಿಂತೋಷ್ ಮೇಲೆ ಓಡುವ ಸಂಕಲನ ಯಂತ್ರವನ್ನು ಹೊರತಂದಾಗ ಕೊಟ್ಟ ಮಾತು ಸರಳವಾಗಿತ್ತು: ಕತ್ತರಿಸುವ, ಅಂಟಿಸುವ ಕಷ್ಟ ಇನ್ನಿಲ್ಲ, ಬೇಕಾದ ಶಾಟ್ ಬೇಕೆಂದ ಕ್ಷಣದಲ್ಲಿ ಎದುರಿಗೆ. ಆಗಿನ ಹಾರ್ಡ್‌ಡಿಸ್ಕಿಗೆ ಪೂರ್ಣ ಗುಣಮಟ್ಟದ ಚಿತ್ರ ಹೊರುವ ತಾಕತ್ತಿರಲಿಲ್ಲ. ಪರದೆಯ ಮೇಲೆ ಮುಖದ ಗುರುತು ಸಿಕ್ಕರೆ ಪುಣ್ಯ. ಕಂಪ್ಯೂಟರಿನಲ್ಲಿ ಕತ್ತರಿಸಿದ ಲೆಕ್ಕವನ್ನು ಹಿಡಿದು ಕೊನೆಗೆ ನೆಗೆಟಿವನ್ನು ಕೈಯಾರೆ ಕತ್ತರಿಸಲೇಬೇಕಿತ್ತು. ಆದರೂ ಗಾಳಿ ಬೀಸುವ ದಿಕ್ಕು ತಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಆವಿಡ್‌ನಲ್ಲಿ ಸಂಕಲನಗೊಂಡ ‘ದಿ ಇಂಗ್ಲಿಷ್ ಪೇಷಂಟ್’ ಚಿತ್ರಕ್ಕೆ ವಾಲ್ಟರ್ ಮರ್ಚ್ 1997ರಲ್ಲಿ ಆಸ್ಕರ್ ಪಡೆದರು. ಕಂಪ್ಯೂಟರಿನಲ್ಲಿ ಸಂಕಲನಗೊಂಡ ಚಿತ್ರವೊಂದಕ್ಕೆ ಆ ವಿಭಾಗದಲ್ಲಿ ಸಂದ ಮೊದಲ ಪ್ರಶಸ್ತಿ ಅದು. ಅದೇ ಮರ್ಚ್ 2003ರ ‘ಕೋಲ್ಡ್ ಮೌಂಟನ್’ ಚಿತ್ರವನ್ನು ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾಗಿದ್ದ ಆಪಲ್ ಕಂಪ್ಯೂಟರಿನಲ್ಲಿ, ಫೈನಲ್ ಕಟ್ ಪ್ರೊ ಹಾಕಿಕೊಂಡು ಮುಗಿಸಿದರು. ಹೊಸದನ್ನು ಅಷ್ಟು ಸಲೀಸಾಗಿ ಅಪ್ಪಿಕೊಂಡ ಮರ್ಚ್ ಅವರೇ ಹಳೆಯ ಮೇಜಿನ ಒಂದು ಗುಣವನ್ನು ನೆನೆದು ಬರೆದಿದ್ದಾರೆ: ಬೇಕಾದ ಶಾಟ್ ಹುಡುಕಲು ಇಡೀ ರೀಲು ಸುತ್ತುವಾಗ ಬೇಡವೆಂದು ಬಿಟ್ಟ ಶಾಟುಗಳೂ ಕಣ್ಣ ಮುಂದೆ ಹಾದುಹೋಗುತ್ತಿದ್ದವು, ಕೇಳಿದ್ದಕ್ಕಿಂತ ಒಳ್ಳೆಯದು ಅಲ್ಲಿ ಸಿಕ್ಕಿಬಿಡುತ್ತಿತ್ತು. ಕಂಪ್ಯೂಟರ್ ಕೇಳಿದ್ದನ್ನು ಮಾತ್ರ ಕೊಡುತ್ತದೆ.

ನಮ್ಮಲ್ಲಿ ಈ ಯಂತ್ರವನ್ನು ತಾಲ್ಲೂಕು ತಾಲ್ಲೂಕಿಗೆ ಮುಟ್ಟಿಸಿದ್ದು ಸಿನಿಮಾ ಅಲ್ಲ, ಮದುವೆ. ಎರಡು ವಿ.ಸಿ.ಆರ್., ನಡುವೆ ಒಂದು ಮಿಕ್ಸರ್ ಇಟ್ಟುಕೊಂಡು ಧಾರೆಯ ದೃಶ್ಯದ ಮೇಲೆ ಹೃದಯಾಕಾರದ ವೈಪ್ ತೆರೆಯುತ್ತಿದ್ದ ಸ್ಟುಡಿಯೊದವರನ್ನು ಯಾರು ಮರೆತಾರು? ಒಂದು ಪ್ರತಿಯಿಂದ ಇನ್ನೊಂದಕ್ಕೆ ಇಳಿದಂತೆಲ್ಲ ಚಿತ್ರ ಮಂಕಾಗುತ್ತಿತ್ತು. ಮೂರನೆಯ ಪ್ರತಿಯ ಹೊತ್ತಿಗೆ ಮದುಮಗಳ ಮೂಗುತಿ ಮಾಯವಾಗಿರುತ್ತಿತ್ತು. ತೊಂಬತ್ತರ ದಶಕದ ಕೊನೆಗೆ ಮಿನಿ ಡಿ.ವಿ. ಕ್ಯಾಸೆಟ್ಟು ಬಂತು, ಫೈರ್‌ವೈರ್ ಕೇಬಲ್ಲು ಬಂತು. ಕ್ಯಾಸೆಟ್ಟಿನಲ್ಲಿದ್ದದ್ದು ಒಂದಿಷ್ಟೂ ಮಾಸದೆ ಕಂಪ್ಯೂಟರಿಗೆ ಇಳಿಯಬಲ್ಲದು ಎಂಬುದೇ ಆಗ ಪವಾಡ. ಅತ್ತ ಉದಯ, ಈಟಿವಿಗಳ ಧಾರಾವಾಹಿಗಳು ದಿನಕ್ಕೊಂದು ಕಂತು ಕೇಳತೊಡಗಿದ್ದವು. ಇತ್ತ ಜಿಲ್ಲಾ ಕೇಂದ್ರದ ಫೋಟೊ ಸ್ಟುಡಿಯೊಗಳ ಹಿಂದಿನ ಡಾರ್ಕ್‌ರೂಮು ಎಡಿಟಿಂಗ್ ರೂಮಾಯಿತು.

ಆಗ ಎಲ್ಲ ದಾರಿಗಳೂ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುತ್ತಿದ್ದವು. ಚೆನ್ನೈನವರಿಗೆ ರಿಚ್ಚಿ ಸ್ಟ್ರೀಟ್, ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್ ಹೇಗೋ ಹಾಗೆ ನಮಗಿದು. ನೋಟ್‌ಬುಕ್ಕಿನಿಂದ ಹರಿದ ಹಾಳೆಯಲ್ಲಿ ಬರೆದ ಪಟ್ಟಿ ಹಿಡಿದು ಬೆಳಗಿನ ಬಸ್ಸಿಳಿದವನು ಮಧ್ಯಾಹ್ನದೊಳಗೆ ಹತ್ತು ಅಂಗಡಿ ಹತ್ತಿಳಿದಿರುತ್ತಿದ್ದ: ಪೆಂಟಿಯಂ 4, 512 ಎಂಬಿ ರ‍್ಯಾಮ್, 40 ಜಿಬಿ ಡಿಸ್ಕು, ಮ್ಯಾಟ್ರಾಕ್ಸ್ ಅಥವಾ ಕ್ಯಾನೋಪಸ್ ಕ್ಯಾಪ್ಚರ್ ಕಾರ್ಡು. ಬಿಲ್ಲು ಬೇಕೆಂದರೆ ಒಂದು ದರ, ಬೇಡವೆಂದರೆ ಇನ್ನೊಂದು. ಅಂಗಡಿಯ ಹುಡುಗ ಕೌಂಟರಿನ ಮೇಲೆ ಕ್ಯಾಬಿನೆಟ್ ಮಲಗಿಸಿ, ಸ್ಕ್ರೂಗಳನ್ನು ಬಾಯಲ್ಲಿ ಕಚ್ಚಿಕೊಂಡು ಅರ್ಧ ಗಂಟೆಯಲ್ಲಿ ಜೋಡಿಸಿ, ಚಾಲೂ ಮಾಡಿ, ‘ಪೋಸ್ಟ್ ಬಂತು ನೋಡಿ ಸಾರ್’ ಎನ್ನುತ್ತಿದ್ದ. ರಾತ್ರಿ ಬಸ್ಸಿನಲ್ಲಿ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಊರು ಸೇರಬೇಕು. ಸಾಫ್ಟ್‌ವೇರ್ ಎಲ್ಲಿಂದ ಬಂತೆಂದು ಯಾರೂ ಕೇಳುತ್ತಿರಲಿಲ್ಲ, ಸಿ.ಡಿ.ಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದ ಹೆಸರೇ ಪರವಾನಗಿ. ಒಂದು ಗಂಟೆಯ ಡಿ.ವಿ. ಚಿತ್ರಕ್ಕೆ 13 ಜಿಬಿ ಜಾಗ ಬೇಕು, ಎಂದರೆ ಆ 40 ಜಿಬಿ ಡಿಸ್ಕಿಗೆ ಮೂರು ಕ್ಯಾಸೆಟ್ಟು ತುಂಬಿದರೆ ಮುಗಿಯಿತು. ನಿಶ್ಚಿತಾರ್ಥ ಎಡಿಟ್ ಮಾಡಿ, ಅಳಿಸಿ, ಆಮೇಲೆ ಧಾರೆ ಇಳಿಸಿಕೊಳ್ಳಬೇಕು. ಅಳಿಸುವ ಈ ಚಾಳಿ ಅಂದು ಅನಿವಾರ್ಯವಾಗಿತ್ತು. ಮುಂದೆ ಅದರ ಬೆಲೆ ಏನಾಯಿತೆಂಬುದನ್ನು ಕೊನೆಗೆ ನೋಡೋಣ. ರಾತ್ರಿ ರೆಂಡರ್‌ಗೆ ಹಾಕಿ ಮಲಗಿದರೆ ನಡುರಾತ್ರಿ ಕರೆಂಟು ಹೋಗುತ್ತಿತ್ತು. ಪಟ್ಟಿಗೆ ಯು.ಪಿ.ಎಸ್. ಸೇರಿದ್ದು ಹಾಗೆ ಪೆಟ್ಟು ತಿಂದ ಮೇಲೆ.

ಸಂಕಲನ ಮನೆಗೆ ಬಂದ ಮೇಲೂ ಬಣ್ಣ ಮಾತ್ರ ಹಲವು ವರ್ಷ ಸಿರಿವಂತರ ಹಂಗಿನಲ್ಲೇ ಉಳಿಯಿತು. 2000ದಲ್ಲಿ ಬಂದ ‘ಓ ಬ್ರದರ್, ವೇರ್ ಆರ್ಟ್ ದೌ?’ ಚಿತ್ರದಲ್ಲಿ ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಮಿಸಿಸಿಪಿಯ ಬೇಸಿಗೆಯ ದಟ್ಟ ಹಸಿರನ್ನೆಲ್ಲ ಒಣಗಿದ ಹುಲ್ಲಿನ ಹಳದಿಗೆ ತಿರುಗಿಸಿದರು. ಇಡೀ ಚಿತ್ರವನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಬಣ್ಣ ತಿದ್ದಿ, ಮತ್ತೆ ಫಿಲ್ಮಿಗೆ ಇಳಿಸಿದ್ದರು. ನಮ್ಮವರ ಬಾಯಲ್ಲಿ ಅದು ‘ಡಿ.ಐ.’ ಆಯಿತು, ನಿರ್ಮಾಪಕರ ಬಜೆಟ್ಟಿನಲ್ಲಿ ಬೆಚ್ಚಿಬೀಳಿಸುವ ಒಂದು ಸಾಲೂ ಆಯಿತು. ಕಾರಣ ಲೆಕ್ಕದಲ್ಲೇ ಇದೆ. 2ಕೆ ಸ್ಕ್ಯಾನಿನ ಒಂದು ಫ್ರೇಮ್ ಸುಮಾರು 12 ಎಂಬಿ. ಸೆಕೆಂಡಿಗೆ 24 ಫ್ರೇಮ್ ಎಂದರೆ ಸುಮಾರು 300 ಎಂಬಿ. ಒಂದು ಗಂಟೆಗೆ ಒಂದು ಟೆರಾಬೈಟಿಗೂ ಮಿಕ್ಕಿ. ನಮ್ಮ ಮನೆಯ ಡಿಸ್ಕು ಹತ್ತಾರು ಜಿಬಿಯದ್ದಾಗಿದ್ದ ದಿನಗಳ ಮಾತಿದು. ಬಣ್ಣದ ಯಂತ್ರಗಳಲ್ಲಿ ಡಾವಿಂಚಿಯದೇ ದೊಡ್ಡ ಹೆಸರು. 2004ರಲ್ಲಿ ಬಂದ ಅದರ ರಿಸಾಲ್ವ್ ವ್ಯವಸ್ಥೆಗೆ ಲಕ್ಷಗಟ್ಟಲೆ ಡಾಲರ್ ತೆರಬೇಕಿತ್ತು. 2009ರಲ್ಲಿ ಆಸ್ಟ್ರೇಲಿಯದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಡಾವಿಂಚಿಯನ್ನು ಕೊಂಡಿತು. ಮರುವರ್ಷ ಅದೇ ರಿಸಾಲ್ವ್ 995 ಡಾಲರಿಗೆ ಬಂತು. 2011ರಲ್ಲಿ ಅದರ ಒಂದು ಆವೃತ್ತಿ ಪುಕ್ಕಟೆಯೇ ಸಿಕ್ಕಿತು. ಕ್ಯಾಮೆರಾ, ಕಾರ್ಡು, ಪ್ಯಾನೆಲ್ ಮಾರುವ ಕಂಪನಿಗೆ ಇದು ದಾನವಲ್ಲ, ವ್ಯಾಪಾರ. ಆದರೇನು, ಮದ್ರಾಸಿನ ಗ್ರೇಡರ್ ಕನಸಿನಲ್ಲೂ ಕಾಣದ ಸಲಕರಣೆ ದಾವಣಗೆರೆಯ ಹುಡುಗನಿಗೆ ಬಿಡಿಗಾಸಿಲ್ಲದೆ ದಕ್ಕಿತು. ನಮ್ಮ ಕಾಲದ ಯಾವ ಕಸುಬಿನಲ್ಲೂ ಸಲಕರಣೆಯ ಬೆಲೆ ಹೀಗೆ ಪಾತಾಳಕ್ಕೆ ಇಳಿದದ್ದು ಕಾಣೆವು.

ಹಾಗೆಂದು ಖರ್ಚು ತಗ್ಗಿತೇ? ಇಲ್ಲ. ಯಂತ್ರ ಅಗ್ಗವಾದಷ್ಟೂ ಚಿತ್ರ ಭಾರವಾಯಿತು. 2008ರ ಕ್ಯಾನನ್ 5ಡಿ ಮಾರ್ಕ್ 2, 2010ರ ಆರಿ ಅಲೆಕ್ಸಾ ಬಂದ ಮೇಲೆ ಫಿಲ್ಮಿನ ದಿನ ಎಣಿಕೆಗೆ ಬಿತ್ತು. 2013ರಲ್ಲಿ ಫ್ಯೂಜಿ ಸಿನಿಮಾ ಫಿಲ್ಮ್ ತಯಾರಿಕೆಯನ್ನೇ ನಿಲ್ಲಿಸಿತು. ಎಚ್‌ಡಿಗಿಂತ ನಾಲ್ಕು ಪಟ್ಟು ದೊಡ್ಡದಾದ 4ಕೆ ಬಂತು. ಆಮೇಲಿನ ಕ್ಯಾಮೆರಾಗಳು ಎಚ್.265 ಎಂಬ ರೂಪದಲ್ಲಿ ಚಿತ್ರವನ್ನು ಎಷ್ಟು ಅದುಮಿ ತುಂಬಿದವೆಂದರೆ ಫೈಲು ಚಿಕ್ಕದು, ಬಿಚ್ಚುವ ಕೆಲಸ ಬೆಟ್ಟದಷ್ಟು. ಲಕ್ಷ ಕೊಟ್ಟು ತಂದ ಗ್ರಾಫಿಕ್ಸ್ ಕಾರ್ಡು ಆ ರೂಪದ 10 ಬಿಟ್ 4:2:2 ಫೈಲಿನ ಮುಂದೆ ತೊದಲುವಾಗ ಪಕ್ಕದವನ ಸಾಧಾರಣ ಇಂಟೆಲ್ ಚಿಪ್ಪಿನೊಳಗಿನ ಗ್ರಾಫಿಕ್ಸ್ ಅದನ್ನೇ ಸರಾಗವಾಗಿ ಓಡಿಸುತ್ತಿತ್ತು. ದುಬಾರಿಯದ್ದೇ ಒಳ್ಳೆಯದು ಎಂದು ನಂಬಿದವರಿಗೆ ಇದು ಮರೆಯಲಾಗದ ಪಾಠ. ಎನ್‌ವಿಡಿಯಾ ಕಾರ್ಡುಗಳು ಆ ಕೆಲಸ ಕಲಿತದ್ದು 2025ರಲ್ಲಿ, 50ರ ಸರಣಿಯೊಂದಿಗೆ. ಮಾರುಕಟ್ಟೆಯ ಹೊಡೆತಗಳೂ ಕಡಿಮೆ ಇರಲಿಲ್ಲ. 2011ರಲ್ಲಿ ಥಾಯ್ಲೆಂಡಿನಲ್ಲಿ ನೆರೆ ಬಂದರೆ ಎಸ್.ಪಿ. ರಸ್ತೆಯಲ್ಲಿ ಹಾರ್ಡ್‌ಡಿಸ್ಕ್ ದರ ಏರಿತು. 2017ರಲ್ಲಿ ಎಎಂಡಿಯ ರೈಜನ್ ಬಂದು ಪ್ರೊಸೆಸರ್ ಬೆಲೆಗೆ ಲಗಾಮು ಬಿತ್ತು ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ಕ್ರಿಪ್ಟೊ ನಾಣ್ಯ ಅಗೆಯುವವರು ಗ್ರಾಫಿಕ್ಸ್ ಕಾರ್ಡುಗಳಿಗೆ ಮುಗಿಬಿದ್ದರು. ಕೋವಿಡ್ ಕಾಲದಲ್ಲಿ ಅದೇ ಮರುಕಳಿಸಿತು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ನಾಣ್ಯ ಅಗೆಯುವ ಪದ್ಧತಿಯನ್ನು ಕೈಬಿಟ್ಟ ಮೇಲೆಯೇ ಉಸಿರಾಡುವಂತಾಯಿತು. ಈಗ ಸರದಿ ಮೆಮೊರಿಯದ್ದು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ರ‍್ಯಾಮನ್ನೆಲ್ಲ ನುಂಗುತ್ತಿವೆ. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಚಿಲ್ಲರೆ ವ್ಯವಹಾರವನ್ನೇ ಮುಚ್ಚುವುದಾಗಿ ಹೇಳಿತು. 575 ವ್ಯಾಟ್ ಎಳೆಯುವ ಗ್ರಾಫಿಕ್ಸ್ ಕಾರ್ಡನ್ನು ರಾಯಚೂರಿನ ಮೇ ತಿಂಗಳಿನಲ್ಲಿ ತಣ್ಣಗಿಡುವವರ ವಿದ್ಯುತ್ ಬಿಲ್ಲಿನ ಕಥೆ ಬೇರೆಯೇ ಇದೆ.

ಇಷ್ಟೆಲ್ಲ ಕಷ್ಟಪಟ್ಟು ಯಂತ್ರ ಕಟ್ಟಿದವರ ಪಟ್ಟಿಯನ್ನು ಒಮ್ಮೆ ಕೆಳಗಿನವರೆಗೆ ಓದಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, 64 ಜಿಬಿ ರ‍್ಯಾಮ್, ಎರಡು ಎನ್‌ವಿಎಂಇ ಡಿಸ್ಕು, ನೀರಿನ ಕೂಲರ್, ಗಾಜಿನ ಕ್ಯಾಬಿನೆಟ್, ಅದರೊಳಗೆ ಬಣ್ಣ ಬದಲಿಸುವ ಫ್ಯಾನು. ಅಲ್ಲಿಗೆ ಹಣ ಮುಗಿಯುತ್ತದೆ. ಕೊನೆಯ ಸಾಲಿನಲ್ಲಿ ‘ಮಾನಿಟರ್: ಇರುವುದೇ ಸಾಕು’. ಬಣ್ಣ ತಿದ್ದುವ ಕೋಣೆಯಲ್ಲಿ ಗೋಡೆ ಬೂದು ಇರಬೇಕು, ಪರದೆಯ ಹಿಂದಿನ ಮಂದ ಬೆಳಕು 6500 ಕೆಲ್ವಿನ್ ಇರಬೇಕು, ಪರದೆ 100 ನಿಟ್ಸ್‌ಗೆ, ರೆಕ್ 709 ಮಾನಕಕ್ಕೆ ಹೊಂದಿಸಿರಬೇಕು ಎಂಬುದು ಈ ವೃತ್ತಿಯ ಅಕ್ಷರಮಾಲೆ. ನಮ್ಮಲ್ಲಿ ಗುಲಾಬಿ ಬಣ್ಣದ ಗೋಡೆ, ತಲೆಯ ಮೇಲೆ ಟ್ಯೂಬ್‌ಲೈಟು, ಪಕ್ಕದಲ್ಲಿ ನೇರಳೆ ಕಾರುವ ಕ್ಯಾಬಿನೆಟ್ಟು. ಪರಿಣಾಮ ಏನೆಂದು ನೋಡಲು ದೂರ ಹೋಗಬೇಕಿಲ್ಲ. ಮುಹೂರ್ತದ ಹೊತ್ತು, ಹುಡುಗಿ ಉಟ್ಟಿರುವುದು ಕುಂಕುಮ ಬಣ್ಣದ ರೇಷ್ಮೆ ಸೀರೆ, ಒಂದು ಕಡೆಯಿಂದ ಛತ್ರದ ಎಲ್‌ಇಡಿ, ಇನ್ನೊಂದು ಕಡೆಯಿಂದ ವಿಡಿಯೊದವರ ಹಳದಿ ದೀಪ, ಹಿಂದೆ ಕಿಟಕಿಯ ಹಗಲು. ಎಡಿಟರ್‌ನ ಅಗ್ಗದ ಮಾನಿಟರ್ ಎಲ್ಲವನ್ನೂ ನೀಲಿಗೆ ಎಳೆದು ತೋರಿಸುತ್ತದೆ. ಮುಖ ತಣ್ಣಗಿದೆಯೆಂದು ಅವನು ಇನ್ನಷ್ಟು ಹಳದಿ ಸುರಿಯುತ್ತಾನೆ. ಪೆನ್‌ಡ್ರೈವ್ ಮನೆಯ ಟಿ.ವಿ.ಗೆ ಹೋದಾಗ ಮದುಮಗಳಿಗೆ ಕಾಮಾಲೆ ಬಡಿದಂತಿರುತ್ತದೆ, ಕುಂಕುಮ ಬಣ್ಣ ಇಟ್ಟಿಗೆಯ ಬಣ್ಣವಾಗಿರುತ್ತದೆ. ಹುಡುಗಿಯ ತಾಯಿ ಕೇಳುವುದು ಒಂದೇ ಮಾತು: ‘ಸೀರೆ ಬಣ್ಣ ಇದಲ್ಲವಲ್ಲಪ್ಪ?’ ಆಕೆಗೆ ಗ್ರೇಡಿಂಗ್ ಗೊತ್ತಿಲ್ಲ, ಸೀರೆ ಗೊತ್ತು. ಪುಕ್ಕಟೆ ಸಾಫ್ಟ್‌ವೇರಿನಲ್ಲೇ ವೆಕ್ಟರ್‌ಸ್ಕೋಪ್ ಎಂಬ ಅಳತೆಪಟ್ಟಿ ಇದೆ. ಮನುಷ್ಯರ ಚರ್ಮದ ಬಣ್ಣ, ಕಪ್ಪಿರಲಿ ಬಿಳುಪಿರಲಿ, ಅದರಲ್ಲಿ ಹೆಚ್ಚುಕಡಿಮೆ ಒಂದೇ ಗೆರೆಯ ಆಸುಪಾಸಿನಲ್ಲಿ ಬೀಳುತ್ತದೆ. ಅದನ್ನು ತೆರೆದು ನೋಡುವವರು ಕಡಿಮೆ.

ಸಣ್ಣ ಬಜೆಟ್ಟಿನ ಸಿನಿಮಾಗಳ ಕಥೆಯೂ ಇದೇ. ಮೇಜಿನ ಮೇಲೆ ಚೆನ್ನಾಗಿ ಕಂಡ ರಾತ್ರಿಯ ದೃಶ್ಯ ಊರಿನ ಚಿತ್ರಮಂದಿರದ ಪರದೆಯಲ್ಲಿ ಬರೀ ಕತ್ತಲು. ಇಲ್ಲವೇ ಎಲ್ಲಿಂದಲೋ ಇಳಿಸಿಕೊಂಡ ‘ಲುಕ್’ ಒಂದನ್ನು ಮೇಲೆ ಹಚ್ಚಿ, ಕರಾವಳಿಯ ಮಳೆಗೂ ವಿಜಯಪುರದ ಬಿಸಿಲಿಗೂ ಒಂದೇ ನೀಲಿ-ಕಿತ್ತಳೆ ಬಳಿದಿರುತ್ತಾರೆ. ಒಂದು ಚಿತ್ರ ಗೆದ್ದರೆ ಮುಂದಿನ ಎರಡು ವರ್ಷದ ಟ್ರೈಲರುಗಳೆಲ್ಲ ಅದೇ ಮಸಿಯಲ್ಲಿ ಅದ್ದಿ ತೆಗೆದಂತಿರುತ್ತವೆ. ವೇಗಕ್ಕೆ ಹಣ ಸುರಿದೆವು, ನಿಜವನ್ನು ತೋರಿಸುವ ಸಾಧನಕ್ಕೆ ಕೈ ಬಿಗಿ ಹಿಡಿದೆವು. ವೇಗವನ್ನು ಗೆಳೆಯರಿಗೆ ತೋರಿಸಬಹುದು. ಸರಿಯಾದ ಬಣ್ಣವನ್ನು ಯಾರೂ ಗಮನಿಸುವುದಿಲ್ಲ, ಗಮನಕ್ಕೆ ಬರುವುದು ತಪ್ಪು ಮಾತ್ರ.

ಆದರೂ ಈ ಪೆಟ್ಟಿಗೆಯನ್ನು ಹಳಿಯಲು ಮನಸ್ಸು ಬಾರದು. ಒಂದೇ ಉದಾಹರಣೆ ಸಾಕು. 2022ರಲ್ಲಿ ತೆರೆಕಂಡ ‘ಕೆಜಿಎಫ್ ಚಾಪ್ಟರ್ 2’ರ ಸಂಕಲನಕಾರ ಕಲಬುರಗಿಯ ಉಜ್ವಲ್ ಕುಲಕರ್ಣಿಗೆ ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಅಭಿಮಾನಿಯಾಗಿ ಕತ್ತರಿಸಿ ಜೋಡಿಸಿದ ತುಣುಕುಗಳನ್ನು ಕಂಡು ನಿರ್ದೇಶಕ ಪ್ರಶಾಂತ್ ನೀಲ್ ಅವರನ್ನು ಕರೆಸಿಕೊಂಡರು. ಮದ್ರಾಸಿನ ಕಾಲದಲ್ಲಿ ಹೈದರಾಬಾದ್ ಕರ್ನಾಟಕದ ಹುಡುಗನೊಬ್ಬ ಸಂಕಲನದ ಮೇಜಿನ ಬಳಿ ಸುಳಿಯಬೇಕಾದರೇ ಯಾರದೋ ಶಿಫಾರಸು, ವರ್ಷಗಟ್ಟಲೆ ಚಾಕರಿ ಬೇಕಿತ್ತು. ಸರ್ಕಾರಗಳು ಚಿತ್ರನಗರಿಯನ್ನು ಒಮ್ಮೆ ಹೆಸರಘಟ್ಟಕ್ಕೆ, ಒಮ್ಮೆ ರಾಮನಗರಕ್ಕೆ, ಒಮ್ಮೆ ರೋರಿಚ್ ಎಸ್ಟೇಟಿಗೆ, ಮತ್ತೆ ಮೈಸೂರಿಗೆ ಎಂದು ಭಾಷಣಗಳಲ್ಲಿ ಸುತ್ತಾಡಿಸುತ್ತಿದ್ದಾಗ ಹುಡುಗರು ತಮ್ಮ ಪಾಲಿನ ಚಿತ್ರನಗರಿಯನ್ನು ಮಲಗುವ ಕೋಣೆಯಲ್ಲೇ ಕಟ್ಟಿಕೊಂಡರು. ಆದರೆ ಮದ್ರಾಸಿನ ಆ ಚಾಕರಿಯಲ್ಲಿ ಒಂದು ಪಾಠಶಾಲೆಯೂ ಇತ್ತು. ಪಕ್ಕದಲ್ಲಿ ನಿಂತ ಸಹಾಯಕ ಗುರುವಿನ ಕೈ ಯಾವ ಫ್ರೇಮಿನಲ್ಲಿ ನಿಂತಿತು, ಏಕೆ ನಿಂತಿತು ಎಂದು ನೋಡಿ ಕಲಿಯುತ್ತಿದ್ದ. ಈಗ ಪಕ್ಕದಲ್ಲಿ ಯಾರೂ ಇಲ್ಲ. ಸಂಕಲನ, ಬಣ್ಣ, ಧ್ವನಿ, ಟೈಟಲ್ಲು, ಪೋಸ್ಟರು ಎಲ್ಲ ಒಬ್ಬನೇ. ಎಲ್ಲಕ್ಕೂ ಸೇರಿ ಒಂದೇ ‘ಪ್ಯಾಕೇಜ್’. ನಾಲ್ಕು ಜನರ ಕೆಲಸ ಒಬ್ಬನಿಗೆ ಬಂತು, ನಾಲ್ಕು ಜನರ ಸಂಬಳ ಬರಲಿಲ್ಲ.

ಎಲ್ಲಕ್ಕಿಂತ ದೊಡ್ಡ ನಷ್ಟ ನಮ್ಮ ಕಣ್ಣಿಗೆ ಇನ್ನೂ ಪೂರ್ತಿ ಬಿದ್ದಿಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರ ಚಿತ್ರ. ಅದರ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಇಟಲಿಯ ಬೊಲೊನ್ಯಾದಲ್ಲಿ 4ಕೆಯಲ್ಲಿ ಜೀರ್ಣೋದ್ಧಾರಗೊಂಡು 2024ರ ವೆನಿಸ್ ಚಿತ್ರೋತ್ಸವದಲ್ಲಿ ಅದು ಮತ್ತೆ ತೆರೆಗೆ ಬಂತು. ಬೆಳಕಿಗೆ ಹಿಡಿದರೆ ಕಾಣುತ್ತದೆ, ಅಷ್ಟೇ ಸಾಕು ಆ ಪ್ಲಾಸ್ಟಿಕ್ಕಿಗೆ. ಈಗ 2009ರಲ್ಲಿ ಫೈನಲ್ ಕಟ್ 7ರಲ್ಲಿ ಸಂಕಲನಗೊಂಡ ಚಿತ್ರವೊಂದರ ಪ್ರಾಜೆಕ್ಟ್ ಫೈಲನ್ನು ತೆರೆದು ನೋಡಿ. 2011ರಲ್ಲಿ ಬಂದ ಫೈನಲ್ ಕಟ್ ಪ್ರೊ ಎಕ್ಸ್ ಹಳೆಯ ಪ್ರಾಜೆಕ್ಟನ್ನು ನೇರವಾಗಿ ಓದಲಿಲ್ಲ. 2017ರ ಮ್ಯಾಕ್ ಹೈ ಸಿಯೆರಾ ಬಂದ ಮೇಲೆ ಹಳೆಯ ಸಾಫ್ಟ್‌ವೇರ್ ಹೊಸ ಯಂತ್ರದಲ್ಲಿ ಓಡುವುದೂ ನಿಂತಿತು. ಕ್ಯಾಮೆರಾದ ಮೂಲ ಫೈಲುಗಳಿದ್ದ ಡಿಸ್ಕು ಕಚೇರಿ ಬದಲಿಸುವಾಗ ಯಾವುದೋ ಗೋಣಿಚೀಲ ಸೇರಿರುತ್ತದೆ, ಇಲ್ಲವೇ ಮುಂದಿನ ಚಿತ್ರಕ್ಕೆ ಜಾಗ ಬೇಕೆಂದು ಅಳಿಸಿಹೋಗಿರುತ್ತದೆ. ಚಿತ್ರಮಂದಿರಕ್ಕೆ ಕಳಿಸಿದ ಡಿಸಿಪಿ ಉಳಿದಿದ್ದರೂ ಅದಕ್ಕೆ ಬೀಗ; ಕೀಲಿಯ ಅವಧಿ ಎಂದೋ ಮುಗಿದಿದೆ. 1977ರ ಕಪ್ಪು-ಬಿಳುಪು ಚಿತ್ರಕ್ಕೆ ಇರುವ ಭಾಗ್ಯ 2009ರ ಬಣ್ಣದ ಚಿತ್ರಕ್ಕೆ ಇಲ್ಲ.

2025ರ ಮಾರ್ಚಿನ ರಾಜ್ಯ ಬಜೆಟ್ಟಿನಲ್ಲಿ ಕನ್ನಡ ಚಿತ್ರಗಳನ್ನು ಡಿಜಿಟಲ್ ಹಾಗೂ ಇತರ ರೂಪಗಳಲ್ಲಿ ಕಾಪಾಡುವ ಭಂಡಾರಕ್ಕಾಗಿ 3 ಕೋಟಿ ರೂಪಾಯಿ ಎತ್ತಿಡಲಾಗಿದೆ. ಮೊತ್ತ ಚಿಕ್ಕದು, ಅದೇ ಬಜೆಟ್ಟಿನಲ್ಲಿ ಮೈಸೂರಿನ ಚಿತ್ರನಗರಿಗೆ ಹೇಳಿದ್ದು 500 ಕೋಟಿ. ಆದರೂ ಇದನ್ನು ಸರಿಯಾಗಿ ಬಳಸಿದರೆ ಸಾಕಷ್ಟಾಗುತ್ತದೆ. ಸಹಾಯಧನ ಪಡೆಯುವ ಪ್ರತಿ ಚಿತ್ರದಿಂದಲೂ ಬೀಗವಿಲ್ಲದ ಡಿಸಿಪಿಯನ್ನೂ, ಗ್ರೇಡಿಂಗ್ ಮುಗಿದ ಫ್ರೇಮುಗಳನ್ನೂ, ಧ್ವನಿಯ ಬಿಡಿ ಟ್ರ್ಯಾಕುಗಳನ್ನೂ ಭಂಡಾರ ಕಡ್ಡಾಯವಾಗಿ ಕೇಳಿ ಪಡೆಯಬೇಕು. ಅವನ್ನು ಎಲ್‌ಟಿಒ ಟೇಪಿನಲ್ಲಿ ಎರಡು ಊರುಗಳಲ್ಲಿ ಇಡಬೇಕು. ಚಲನಚಿತ್ರ ಅಕಾಡೆಮಿ ಕಂದಾಯ ವಿಭಾಗಕ್ಕೊಂದರಂತೆ ಅಳೆದು ಹೊಂದಿಸಿದ ಪರದೆಯಿರುವ ಒಂದು ಗ್ರೇಡಿಂಗ್ ಕೋಣೆ ತೆರೆದು ಗಂಟೆಯ ಬಾಡಿಗೆಗೆ ಕೊಟ್ಟರೆ ಕಲಬುರಗಿಯವನು ಕೊನೆಯ ತಪಾಸಣೆಗೆಂದು ಬೆಂಗಳೂರಿಗೆ ಬರಬೇಕಾಗುವುದಿಲ್ಲ. ಇನ್ನು ಹೊಸ ಯಂತ್ರ ಕಟ್ಟಲು ಹೊರಟ ಓದುಗರಿಗೆ ಒಂದು ಮಾತು: ಗ್ರಾಫಿಕ್ಸ್ ಕಾರ್ಡಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿಯಿರಿ, ಉಳಿದ ಹಣದಲ್ಲಿ ಒಳ್ಳೆಯ ಮಾನಿಟರ್, ಅದನ್ನು ಅಳೆಯುವ ಪ್ರೋಬ್, ಮನೆಯಿಂದ ಹೊರಗೆ ಇಡಲು ಇನ್ನೊಂದು ಡಿಸ್ಕು ಕೊಳ್ಳಿ.